ಮೊಲ ಕೇಳಿದ ಪ್ರಶ್ನೆ

ಪುಟ್ಟ ಮಕ್ಕಳ ಟಿವಿಯಲ್ಲಿ ಬರುವ ಆ ಮೊಲಕ್ಕೆ ಧ್ವನಿ ಕೊಡುವವಳು ನಾನೇ. ಅದು ಪ್ರಶ್ನೆ ಕೇಳಿ, ಮಕ್ಕಳು ಉತ್ತರಿಸಲೆಂದು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ "ಶಭಾಷ್" ಅನ್ನುತ್ತದೆ. ಮೊನ್ನೆ ಸಂಜೆ ಮಗಳ ಪಕ್ಕ ಕೂತು ನೋಡುತ್ತಿದ್ದಾಗ ಮೊಲ ನನ್ನದೇ ಧ್ವನಿಯಲ್ಲಿ, "ಪುಟ್ಟೀ, ಬಾಗಿಲ ಚಿಲಕ ತೆಗೀತೀಯಾ?" ಎಂದಿತು. ನಾನು ಎಂದೂ ಆಡದ ಮಾತು. ಮೈಯೆಲ್ಲ ಉರಿದು ಸ್ಟುಡಿಯೋಗೆ ಫೋನ್ ಮಾಡಿದೆ.

"ನನ್ನ ಗಂಟಲೇನು ನಿಮ್ಮಪ್ಪನ ಮನೆ ಆಸ್ತಿನಾ? ಕೇಳ್ದೆ ಏನೇನೋ ಸೇರಿಸ್ತೀರಲ್ಲ."

"ಬೈಬೇಡಿ ಅಕ್ಕಾ," ಎಂದ ಸೌಂಡ್ ಇಂಜಿನಿಯರ್. "ಇವತ್ತಿನ ಕಂತಲ್ಲಿ ಮೊಲಕ್ಕೆ ಮಾತೇ ಇಲ್ಲ. ಬರೀ ತಲೆಯಾಡಿಸುತ್ತೆ."

ಸಿಟ್ಟಿಗೆ ಟಿವಿಯ ಪ್ಲಗ್ಗನ್ನೇ ಕಿತ್ತೆ. ಅಷ್ಟರಲ್ಲಿ ಮಗಳು ಸ್ಟೂಲು ಹತ್ತಿ ಚಿಲಕ ಎಳೆದಿದ್ದಳು. ಸ್ವಲ್ಪ ಹೊತ್ತು ಎಲ್ಲವೂ ಸುಮ್ಮನಿತ್ತು.

ಬಾಗಿಲಾಚೆಯಿಂದ ನನ್ನ ಧ್ವನಿ "ಶಭಾಷ್" ಎಂದಿತು, ನಾನು ಹೇಳುವುದಕ್ಕಿಂತಲೂ ಮುದ್ದಾಗಿ.