ಬಿಗಿದು ಹಿಡಿದ ಬೆಡ್‌ಶೀಟು

"ಯಾಕೆ ಒಡೀತು?"

ಖಾಲಿ ಪ್ರಯೋಗಾಲಯದಲ್ಲಿ ವಿಜ್ಞಾನದ ಟೀಚರ್ ತನ್ನನ್ನೇ ಕೇಳಿಕೊಂಡಳು. ನೆಲದ ಮೇಲೆ ಮೊಟ್ಟೆಯ ಹಳದಿ ಇನ್ನೂ ಒಣಗಿರಲಿಲ್ಲ.

"ಈ ಬೆಡ್‌ಶೀಟಿಗೆ ಎಷ್ಟು ಜೋರಾಗಿ ಎಸೆದ್ರೂ ಮೊಟ್ಟೆ ಒಡೆಯಲ್ಲ" ಎಂದು ಮಕ್ಕಳಿಗೆ ಮಾತು ಕೊಟ್ಟಿದ್ದಳು. ಹೆಡ್ ಮೇಡಂ ಬೇರೆ ಮೊದಲ ಬೆಂಚಿನಲ್ಲಿ ಕುಳಿತಿದ್ದರು. ಬೆಡ್‌ಶೀಟಿನ ಒಂದು ಬದಿ ಅಟೆಂಡರ್ ಕೈಯಲ್ಲಿ, ಇನ್ನೊಂದು ಬದಿ ಮಕ್ಕಳು 'ಲೆಕ್ಕದ ಮೇಷ್ಟ್ರು' ಎನ್ನುವ ಅವಳ ವಾರಿಗೆಯವನ ಕೈಯಲ್ಲಿ.

ಎಸೆದಳು. ಪಟ್ಟೆಂದು ಒಡೆದು ಅವನ ಕನ್ನಡಕಕ್ಕೆಲ್ಲ ಸಿಡಿಯಿತು. ತರಗತಿ ಗೊಳ್ಳೆಂದಿತು.

"ಒಂದು ಬಟ್ಟೆ ಹಿಡಿಯೋಕೂ ಬರಲ್ವಾ ನಿಮಗೆ?" ಎಂದುಬಿಟ್ಟಳು, ಅಷ್ಟೂ ಮಕ್ಕಳ ಮುಂದೆ.

"ನನ್ನದೇ ತಪ್ಪು ಮೇಡಂ" ಎಂದು ಅವನು ಹೆಡ್ ಮೇಡಂಗೆ ಹೇಳಿ, ಬೆಡ್‌ಶೀಟು ಸುತ್ತಿಕೊಂಡು ಹೊರಟುಹೋಗಿದ್ದ.

ಈಗ ಬೋರ್ಡಿನತ್ತ ನೋಡಿದಳು. ಅವಳದೇ ಅಕ್ಷರ: 'ಸಂವೇಗ ಅಷ್ಟೇ ಇದ್ದರೂ, ನಿಲ್ಲಲು ಹೆಚ್ಚು ಸಮಯ ಸಿಕ್ಕರೆ ಬೀಳುವ ಬಲ ಕಡಿಮೆ.'

ಸಮಯ...

ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ಪದ್ಯದ ಅರ್ಥ ಎಷ್ಟೋ ವರ್ಷದ ಮೇಲೆ ಹೊಳೆಯುವಂತೆ ಹೊಳೆಯಿತು. ಬಟ್ಟೆ ಸಡಿಲವಾಗಿದ್ದರೆ ಮೊಟ್ಟೆಯ ಜೊತೆ ತಾನೂ ಹಿಂದೆ ಸರಿದು, ಅದನ್ನು ಮೆಲ್ಲಗೆ ನಿಲ್ಲಿಸುತ್ತಿತ್ತು. ಬಿಗಿದರೆ ಅದು ಗೋಡೆಯೇ.

'ಇನ್ನೂ ಬಿಗಿಯಾಗಿ ಎಳೀರಿ, ಹೆಡ್ ಮೇಡಂಗೆ ಸುಕ್ಕು ಕಾಣಬಾರದು' ಎಂದವಳು ತಾನೇ ಅಲ್ಲವೇ?

ಕಿವಿಯವರೆಗೂ ಬಿಸಿಯೇರಿತು. ಭೂಮಿ ಬಾಯ್ಬಿಡಬಾರದೇ...

ಹುಡುಕಿಕೊಂಡು ಹೋದಾಗ, ಶಾಲೆಯ ಹಿಂಬದಿಯ ನಲ್ಲಿಯ ಹತ್ತಿರ ಅವನು ಬೆಡ್‌ಶೀಟು ಒಗೆಯುತ್ತಿದ್ದ.

"ಬಿಗಿಯಾಗಿ ಎಳೀರಿ ಅಂದಿದ್ದು ನಾನು," ನೆಲ ನೋಡುತ್ತ ಹೇಳಿದಳು. "ತಪ್ಪು ನಂದು. ಬೈದಿದ್ದು ನಿಮ್ಮನ್ನ."

"ಗೊತ್ತು."

"ಗೊತ್ತಿದ್ದೂ ಸುಮ್ನಿದ್ರಾ?"

"ಒಡೆದ ಮೇಲೆ ಗೊತ್ತಾಯ್ತು. ಲೆಕ್ಕದವನಲ್ವಾ, ಉತ್ತರ ಬಂದ್ಮೇಲೇ ನಂಗೆ ಬುದ್ಧಿ ಬರೋದು."

ಅವಳಿಗೆ ನಗು ಬರಲಿಲ್ಲ. ಕಣ್ಣು ತುಂಬಿತು.

"ಅಳಬೇಡಿ. ಮನೇಲಿರೋ ಹೊಸ ಬೆಡ್‌ಶೀಟು ಯಾರಿಗೆ, ಹೇಳು ಅಂತ ಬೆಳಿಗ್ಗೆ ನಮ್ಮಕ್ಕ ಪಟ್ಟು ಹಿಡಿದಳು. 'ನಾನು ಮದುವೆ ಆಗಬೇಕು ಅಂದ್ಕೊಂಡಿರೋರು ಕೇಳಿದಾರೆ' ಅಂದೆ. ಮೊಟ್ಟೆ ಏಟು ತಿನ್ನೋಕೆ ಅಂತ ಮಾತ್ರ ಹೇಳಲಿಲ್ಲ."

ಇಂಥವನಿಗಾ ನಾನು ಹಾಗೆ ಅಂದದ್ದು?

"ಅಕ್ಕ ಏನಂದ್ರು?" ನಲ್ಲಿ ನಿಲ್ಲಿಸುತ್ತ ಕೇಳಿದಳು.

"ಒಪ್ಪಿದಳು. ನೀವು?"

"ಇಷ್ಟಾದ ಮೇಲೂ ಕೇಳ್ತೀರಲ್ಲ... ಹೂಂ."

ಅವನು ಒದ್ದೆ ಬೆಡ್‌ಶೀಟಿನ ತುದಿಯನ್ನು ಅವಳ ಕೈಗೆ ಕೊಟ್ಟ. ಇಬ್ಬರೂ ಸೇರಿ ಹಿಂಡಿದರು.

"ನಾಳೆ ಮಕ್ಕಳಿಗೆ, ಹೆಡ್ ಮೇಡಂಗೆ ನಿಜ ಹೇಳ್ತೀನಿ. ಮತ್ತೆ ಮಾಡಿ ತೋರಿಸ್ತೀನಿ. ಆದ್ರೆ ನೀವು ಬರಬೇಡಿ, ದಮ್ಮಯ್ಯ. ನಿಮ್ಮೆದುರಿಗೆ ಹೇಳೋಕೆ ನಂಗೆ ಮುಖ ಇಲ್ಲ. ಬಟ್ಟೆ ಬೇರೆ ಯಾರಾದ್ರೂ ಹಿಡೀಲಿ."

"ಆಗಲ್ಲ," ಎಂದ ಅವನು. "ಬೇರೆ ಏನು ಬೇಕಾದ್ರೂ ಕೇಳಿ. ಇದೊಂದು ಆಗಲ್ಲ. ಬಟ್ಟೆ ನಾನೇ ಹಿಡೀತೀನಿ, ಈ ಸಲ ಸಡಿಲವಾಗಿ."