ಕೊಂಡವಾಡದ ಮುಂದೆ ಖೋಖೋ ತಂಡ

"ಏ ಶೀತಲ್, ಹೊರಗ ಬಾ ಬೇ. ಟಂಟಂ ಗಾಡಿ ಬಂದು ನಿಂತೈತಿ."

"ಹೆಂಗ ಬರ್ಲಿ? ಕೀಲಿ ಹಾಕ್ಯಾರ."

ಅರ್ಶಿಯಾ ಗೇಟಿನ ಸರಳು ಹಿಡಿದು ಒಳಗೆ ಇಣುಕಿದಳು. ಅದು ದಿಗ್ಗೇವಾಡಿಯ ಕೊಂಡವಾಡ, ಬೆಳೆ ಮೇದ ದನಗಳನ್ನು ಪಂಚಾಯ್ತಿಯವರು ಕೂಡಿಹಾಕುವ ದೊಡ್ಡಿ. ಅದರ ಬೀಗ ಎಷ್ಟು ದೊಡ್ಡದೆಂದರೆ, ಬೀಗದೊಳಗೇ ಒಂದು ಸಂಸಾರ ವಾಸ ಮಾಡಬಹುದು. ದೊಡ್ಡಿಯಲ್ಲಿ ಶೀತಲ್ ಮನೆಯ ಆಡುಗಳಿದ್ದವು. ಆಡುಗಳ ನಡುವೆ, ಖೋಖೋ ತಂಡದ ಟೀಶರ್ಟ್ ಹಾಕಿಕೊಂಡು, ಶೀತಲ್ ಕುಳಿತಿದ್ದಳು.

ಶೀತಲ್ ಸಾಮಾನ್ಯಳಲ್ಲ. ಅವಳು ಓಡಿದರೆ ಅವಳ ನೆರಳು ಮರುದಿನ ಬಂದು ಮುಟ್ಟುತ್ತದೆ. ಅವಳಿಲ್ಲದೆ ರಾಯಬಾಗದ ಮ್ಯಾಚಿಗೆ ಹೋಗುವುದೂ ಒಂದೇ, ಮನೆಯಲ್ಲಿ ಮಲಗುವುದೂ ಒಂದೇ.

ಗೇಟಿನ ಬದಿಗೆ ಭೂಪಾಲಕಾಕಾ ನಿಂತಿದ್ದರು. ಮೇದದ್ದು ಅವರ ಕಬ್ಬು. ಅವರ ಮೀಸೆಯ ಮೇಲೆ ಎರಡು ಗಿಳಿ ಕೂತು ಆರಾಮಾಗಿ ಜಗಳಾಡಬಹುದು.

"ಇವ್ರಪ್ಪ ಕಬ್ಬೂರಿಗೆ ಹೋಗ್ಯಾನಂತ. ಸಂಜಿಕ ಬಂದು ದಂಡ ಕಟ್ಟೂತನಕ ಇಕೀನೂ ಇಲ್ಲೇ ಕುಂದರ್ಲಿ" ಎಂದರು.

ಅರ್ಶಿಯಾ ಸೊಂಟದ ಮೇಲೆ ಕೈ ಇಟ್ಟಳು. "ಕಾಕಾ, ಇವ್ರ ಆಡು ಕಬ್ಬು ಮುಟ್ಟಂಗಿಲ್ರಿ. ವಾಸನಿ ಬಂದ್ರನ ವಾಂತಿ ಮಾಡ್ಕೋತಾವ."

ಅಷ್ಟರಲ್ಲಿ ಗಡ್ಡದ ಹೋತವೊಂದು ಮುಂದೆ ಬಂತು. ಅದರ ಬಾಯಿಂದ ಮಾರುದ್ದದ ಕಬ್ಬಿನ ಎಲೆ ಜೋತಾಡುತ್ತಿತ್ತು. ಎಲ್ಲರೆದುರೇ ಕರಕರ ಜಗಿದು ನುಂಗಿತು.

"ತಿಂದಾವ ಬೇ" ಎಂದಳು ಶೀತಲ್, ತಲೆ ತಗ್ಗಿಸಿ. "ಕಾಯ್ಕೋತ ಕುಂತಾಗ ನಂಗ ನಿದ್ದಿ ಹತ್ತಿತ್ತು."

ಭೂಪಾಲಕಾಕಾ ನಕ್ಕರು. "ಕೇಳಿದೇನ, ವಕೀಲಬಾಯಿ?"

ಏಳೂರಿಗೆ ಹಂಚಿದರೂ ಮುಗಿಯದಷ್ಟು ಮಾತು ಅರ್ಶಿಯಾಳ ಬಳಿ ಇತ್ತು. ಈಗ ಅವಳು ಹೋತವನ್ನು ದುರುಗುಟ್ಟಿ ನೋಡಿದಳು. ಅತ್ತ ಟಂಟಂ ಓಡಿಸುವ ಸಂಗ್ರಾಮ ಹಾರ್ನ್ ಹೊಡೆದ. "ಬರೋರು ಬರ್ರಿ. ಲೇಟಾದ್ರ ಮ್ಯಾಚ್ ಹೋತು."

ತಂಡದ ಮೆಹೆಕ ಅವಳ ತೋಳು ಎಳೆದಳು. "ಹೋಗೂಣ ನಡಿ. ತಪ್ಪು ಅಕೀದ ಐತಲ್ಲ."

ಅರ್ಶಿಯಾ ಮತ್ತೆ ಒಳಗೆ ನೋಡಿದಳು. ಆಡು ನೀರು ಕುಡಿಯುವ ತೊಟ್ಟಿಯ ಪಕ್ಕ ಶೀತಲ್ ಮೊಣಕಾಲು ಅಪ್ಪಿಕೊಂಡು ಕುಳಿತಿದ್ದಳು. ತೊಟ್ಟಿಯಲ್ಲಿ ಹಿಕ್ಕೆ ತೇಲುತ್ತಿತ್ತು.

ಕೀಲಿಕೈ ಇಟ್ಟುಕೊಂಡ ಪಂಚಾಯ್ತಿಯ ಸತ್ತೆಪ್ಪಜ್ಜ ಕಟ್ಟೆಯ ಮೇಲೆ ಎಲೆ ಅಡಿಕೆ ಜಗಿಯುತ್ತಿದ್ದರು. ಅರ್ಶಿಯಾ ಅವರ ಮುಂದೆ ಹೋಗಿ ನಿಂತಳು.

"ಅಜ್ಜಾ, ಈ ಕೀಲಿ ನಿಮ್ಗ ಯಾಕ ಕೊಟ್ಟಾರ?"

"ಬೆಳಿ ಮೇದ ದನಾ ಕೂಡಿ ಹಾಕಾಕ."

"ಶೀತಲ್ ದನಾ ಏನ್ರಿ?"

ಸತ್ತೆಪ್ಪಜ್ಜನ ದವಡೆ ನಿಂತಿತು. ಅದು ನಿಂತದ್ದು ಊರು ಹುಟ್ಟಿದಾಗಿನಿಂದ ಇದೇ ಮೊದಲು.

"ಕಾಕಾ, ಆಡು ಇಟ್ಕೋರಿ. ದಂಡಾನೂ ಕೇಳ್ರಿ. ಅಕೀನ್ನ ಬಿಡ್ರಿ. ಬಿಡೂತನಕ ನಾನೂ ಹೋಗಂಗಿಲ್ಲ" ಎಂದು ಅರ್ಶಿಯಾ ಸರಳು ಹಿಡಿದು ಗೇಟಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು.

ಮೆಹೆಕ ಟಂಟಂ ನೋಡಿದಳು, ಗೇಟು ನೋಡಿದಳು, ಬಂದು ಪಕ್ಕಕ್ಕೆ ಕುಳಿತಳು. ಉಳಿದವರೂ ಬಂದರು. ಖೋಖೋ ಆಡಿ ಆಡಿ ಅಭ್ಯಾಸವಲ್ಲವೇ, ಒಬ್ಬಳು ಅತ್ತ, ಒಬ್ಬಳು ಇತ್ತ ಮುಖ ಮಾಡಿ ಕುಳಿತರು. ಅರ್ಧ ತಂಡ ಶೀತಲ್‌ಳನ್ನು ನೋಡುತ್ತಿತ್ತು, ಅರ್ಧ ತಂಡ ಊರನ್ನು. ಶೀತಲ್ ಎದ್ದು ಬಂದು ಒಳಗಿನಿಂದ ಅದೇ ಸರಳು ಹಿಡಿದಳು.

ಊರೂ ಅವರನ್ನು ನೋಡತೊಡಗಿತು. ಚಹಾದ ಅಂಗಡಿ ಖಾಲಿಯಾಯಿತು. ಹಾಲಿನ ಕ್ಯಾನ್ ಹಿಡಿದು ಹೊರಟಿದ್ದ ಗಂಗೂಬಾಯಿ ಅಲ್ಲೇ ನಿಂತಳು.

"ಭೂಪಾಲಣ್ಣಾ, ಹುಡುಗಿ ಕೇಳೂದು ಖರೆ ಐತಿ. ಕೂಸಿನ್ನ ಆಡಿನ ಜೋಡಿ ಕೂಡಿ ಹಾಕೂದು ಎಲ್ಲೀ ರಿವಾಜು?"

ಭೂಪಾಲಕಾಕಾ ಮೀಸೆ ತಿರುವಿದರು.

ಸತ್ತೆಪ್ಪಜ್ಜ ಎದ್ದರು. "ನನ್ನ ಕೀಲಿ ದನದ್ದರಿ, ಅಣ್ಣಾರ. ನೀವು ಹೇಳಿದ್ರಿ ಅಂತ ನಾ ಹಾಕಬಾರದಿತ್ತು." ಬೀಗ ತೆರೆದ ಸದ್ದು ಅಥಣಿಗೂ ಕೇಳಿಸಿತು.

"ಆಡು ಬಿಡಂಗಿಲ್ಲ ಮತ್ತ" ಎಂದರು ಭೂಪಾಲಕಾಕಾ.

"ಬ್ಯಾಡ್ರಿ. ಅಪ್ಪ ಬಂದು ಮಾತಾಡ್ತಾನ" ಎಂದು ಶೀತಲ್ ಹೊರಗೆ ಬಂದಳು.

ಟಂಟಂ ರಾಯಬಾಗದ ರಸ್ತೆಯಲ್ಲಿ ವಿಮಾನವನ್ನೂ ಹಿಂದೆ ಹಾಕಿ ಓಡಿತು. ಶೀತಲ್ ಅರ್ಶಿಯಾಳತ್ತ ತಿರುಗಿ ಕೇಳಿದಳು, "ತಿಂದಿದ್ದು ಖರೇನ ಇತ್ತಲ್ಲ. ಆದ್ರೂ ಯಾಕ ಕುಂತಿ?"

"ನಿನ್ನ ಒಳಗ ಹಾಕಿದ್ದೂ ಖರೇನ ಇತ್ತಲ್ಲ" ಎಂದಳು ಅರ್ಶಿಯಾ.

ಶೀತಲ್‌ಳ ಅಂಗೈಗೆ ಗೇಟಿನ ತುಕ್ಕು ಅಂಟಿತ್ತು. ಅರ್ಶಿಯಾ ತನ್ನ ಅಂಗೈ ಬಿಡಿಸಿ ನೋಡಿಕೊಂಡಳು. ಅಲ್ಲೂ ಅಷ್ಟೇ ತುಕ್ಕು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ.