ಸೈಲೆನ್ಸರ್‌ನಲ್ಲಿ ಸಿಕ್ಕಿದ್ದು

ಸೋಮವಾರ ಬೆಳಿಗ್ಗೆ ಲೆಂಪಿ ತನ್ನ ಅಪ್ಪನ ಎಟಿವಿಯನ್ನು, ಕಾಡುದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಬೈಕನ್ನು, ಟ್ರೇಲರ್ ಮೇಲೆ ಹೇರಿಕೊಂಡು ನನ್ನ ಶೆಡ್ಡಿನ ಮುಂದೆ ಬಂದು ನಿಂತಾಗ ನನ್ನ ಕೈತುಂಬ ಗ್ರೀಸು, ಗಡ್ಡದಲ್ಲಿ ಬ್ರೆಡ್ಡಿನ ಪುಡಿ. ನಾನು ಸ್ನಾನ ಮಾಡಿ ತಲೆ ಬಾಚಿಕೊಂಡ ದಿನ ಅವಳು ಎಂದೂ ಬಂದವಳಲ್ಲ.

"ಆರ್ವೊ, ಸ್ಟಾರ್ಟೇ ಆಗ್ತಿಲ್ಲ ಕಣೋ ಇದು. ಶನಿವಾರ ಕೊಳ್ಳೋರು ಬರ್ತಾರೆ."

"ಮಾರ್ತಿದ್ದೀಯಾ?"

"ಅಪ್ಪ ಅರಿಜೋನಾದಲ್ಲಿ ಅಕ್ಕನ ಮನೆ ಸೇರ್ಕೊಂಡಾಯ್ತಲ್ಲ. ಆ ಚಳಿ ಸಾಕು, ಗಾಡಿ ಮಾರಿ ನೀನೂ ಬಂದ್ಬಿಡು ಅಂತಾರೆ. ಅಪ್ಪನ ಸಾಮಾನೆಲ್ಲ ಮಾರಾಯ್ತು. ಇದೊಂದು ಉಳಿದಿದೆ."

ಏಳು ವರ್ಷದಿಂದ ಇವಳನ್ನು ಪ್ರೀತಿಸುತ್ತಿದ್ದೇನೆ. ಏಳು ವರ್ಷದಲ್ಲಿ ನಾವು ಮಾತಾಡಿದ್ದೆಲ್ಲ ಹಿಮದ ಬಗ್ಗೆ, ಟೈರಿನ ಬಗ್ಗೆ.

ಮಿಷಿಗನ್‌ನ ನಮ್ಮ ಈ ಉತ್ತರದ ತುದಿಯಲ್ಲಿ ಏಪ್ರಿಲ್ ಬಂತೆಂದರೆ ನನಗೆ ಉಸಿರಾಡಲು ಪುರಸೊತ್ತಿರುವುದಿಲ್ಲ. ಐದು ತಿಂಗಳು ಮಲಗಿದ ಗಾಡಿಗಳನ್ನೆಲ್ಲ ಕಾಡುದಾರಿ ತೆರೆಯುವ ಮೊದಲು ಎಬ್ಬಿಸಬೇಕು. ಆದರೂ ಉಳಿದವರನ್ನೆಲ್ಲ ಬದಿಗೆ ಸರಿಸಿ ಅವಳ ಗಾಡಿಯನ್ನೇ ಮೊದಲು ಒಳಗೆ ತಳ್ಳಿದೆ.

ಬ್ಯಾಟರಿ ಸರಿಯಿತ್ತು. ಪ್ಲಗ್ ಸರಿಯಿತ್ತು. ಹಿಂದೆ ಬಗ್ಗಿ ನೋಡಿದರೆ, ಸೈಲೆನ್ಸರ್ ಬಾಯಲ್ಲಿ ಪಾತ್ರೆ ತಿಕ್ಕುವಂಥ ಕಬ್ಬಿಣದ ನಾರಿನ ಉಂಡೆ! ಚಳಿಗಾಲದಲ್ಲಿ ಇಲಿ ನುಗ್ಗದಿರಲೆಂದು ನಾವೆಲ್ಲ ತುರುಕಿಡುತ್ತೇವೆ. ವಸಂತ ಬಂದಾಗ ಅರ್ಧ ಊರು ಅದನ್ನು ತೆಗೆಯಲು ಮರೆಯುತ್ತದೆ. ಉಂಡೆ ಎಳೆದರೆ ಗಾಡಿ ಓಡುತ್ತದೆ. ಗಾಡಿ ಓಡಿದರೆ ಲೆಂಪಿ ಹೋಗುತ್ತಾಳೆ.

ಹೊರಗೆ ಅವಳು ಬೂಟಿನ ತುದಿಯಿಂದ ಹೊಂಡದ ತೆಳು ಮಂಜುಗಡ್ಡೆಯನ್ನು ಚಿಟಿಚಿಟಿ ಒಡೆಯುತ್ತ ನಿಂತಿದ್ದಳು. ಎಳೆದ ಉಂಡೆಯನ್ನು ನಾನು ಮತ್ತೆ ಒಳಗೆ ತುರುಕಿದೆ.

"ಏನಾಗಿದೆ?"

"ಕಾರ್ಬ್ಯುರೇಟರ್. ಹಳೇ ಪೆಟ್ರೋಲು ಅಂಟಾಗಿ ಕೂತಿದೆ. ಪೂರ್ತಿ ಬಿಚ್ಚಬೇಕು. ಶುಕ್ರವಾರ ಆಗುತ್ತೆ."

"ಅಷ್ಟು ದಿನಾನಾ?" ಅವಳ ತುಟಿಯ ಒಂದು ಕೊನೆ ಮೇಲೆ ಹೋಯಿತು. "ಹಾಗಾದ್ರೆ ದಿನಾ ಬಂದು ನೋಡ್ತೀನಪ್ಪ. ನಿನ್ನ ನಂಬೋ ಹಾಗಿಲ್ಲ."

ಹೇಳಿದಂತೆಯೇ ಬಂದಳು. ಮಂಗಳವಾರ ಕಾಫಿ ತಂದಳು. ಬುಧವಾರ ಏಲಕ್ಕಿ ಹಾಕಿದ ಬ್ರೆಡ್ಡು. ನಾನು ಆಯಿಲ್ ಬದಲಿಸಿದೆ, ಏರ್ ಫಿಲ್ಟರ್ ತೊಳೆದೆ, ಟೈರಿಗೆ ಗಾಳಿ ತುಂಬಿದೆ. ಕಳೆದ ವರ್ಷದ ಒಣಕೆಸರನ್ನು ಅವಳು ಸ್ಕ್ರೂಡ್ರೈವರಿನಿಂದ ಕೆರೆದು ತೆಗೆದಳು. ಕೆರೆಯುವಾಗ ನಾಲಿಗೆಯ ತುದಿ ಹೊರಗೆ ಬರುತ್ತಿತ್ತು. ನಾನು ನೋಡುತ್ತಿದ್ದೇನೆಂದು ಗೊತ್ತಾದ ಕೂಡಲೇ ಒಳಗೆ ಹೋಗುತ್ತಿತ್ತು.

"ಏನೋ ಹಾಗೆ ನೋಡ್ತೀಯ?"

"ಮೂಗಿಗೆ ಗ್ರೀಸ್ ಆಗಿದೆ."

"ಒರೆಸು ಮತ್ತೆ."

ಒರೆಸಿದೆ. ಗ್ರೀಸು ಕೆನ್ನೆಗೂ ಹರಡಿತು. ಅವಳು ನಕ್ಕು ನಕ್ಕು ಅಲ್ಲೇ ಟೈರಿನ ಮೇಲೆ ಕೂತಳು. ಅದು ಗುರುವಾರ. ಶನಿವಾರಕ್ಕೆ ಇನ್ನು ಎರಡೇ ದಿನ ಉಳಿದಿತ್ತು.

ಶುಕ್ರವಾರ ಮಧ್ಯಾಹ್ನ ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ. ಗಿರಾಕಿಗೆ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ಅವಳಿಗಂತೂ ಹೇಳಬಾರದಿತ್ತು. ಅವಳ ಎದುರಿಗೇ ಬಗ್ಗಿ ಉಂಡೆಯನ್ನು ಎಳೆದೆ.

"ಲೆಂಪಿ, ಕಾರ್ಬ್ಯುರೇಟರ್‌ಗೆ ಏನೂ ಆಗಿರಲಿಲ್ಲ. ಇದು ಸೋಮವಾರನೇ ಸಿಕ್ಕಿತ್ತು. ನೀನು ಹೋಗ್ತೀಯಲ್ಲ ಅಂತ ವಾಪಸ್ ತುರುಕ್ದೆ. ತಪ್ಪಾಯ್ತು."

ಅವಳು ಬೈಯುತ್ತಾಳೆಂದು ಕಾದೆ. ಅವಳ ಕಿವಿ ಕೆಂಪಾಯಿತು. ಕಣ್ಣು ನೆಲ ನೋಡುತ್ತಿತ್ತು.

"ಕೈಲಿರೋದನ್ನ ಸರಿಯಾಗಿ ನೋಡು," ಎಂದಳು.

ನೋಡಿದೆ. ನಾರು ಬೆಳ್ಳಗೆ ಹೊಳೆಯುತ್ತಿತ್ತು.

"ಅಕ್ಟೋಬರಲ್ಲಿ ಇಟ್ಟಿದ್ರೆ ಇಷ್ಟೊತ್ತಿಗೆ ತುಕ್ಕು ಹಿಡಿದು ಪುಡಿಯಾಗಿರ್ತಿತ್ತು. ಅಪ್ಪ ಇಟ್ಟಿದ್ದನ್ನ ನಾನು ಹೋದ ವಾರವೇ ತೆಗೆದೆ. ಇದು ಸೋಮವಾರ ಬೆಳಿಗ್ಗೆ ನಾನೇ ತುರುಕಿದ್ದು. ಊರಿಗೇ ದೊಡ್ಡ ಮೆಕ್ಯಾನಿಕ್ಕು ನೀನು, ಇಷ್ಟೂ ಗೊತ್ತಾಗ್ಲಿಲ್ವಾ?"

ಐದು ದಿನ ನಾನು ಅವಳ ಮುಂದೆ ನಾಟಕವಾಡಿದ್ದೆ. ಅವಳು ನನಗಿಂತ ಒಂದು ಗಂಟೆ ಮುಂಚೆಯೇ ಶುರು ಮಾಡಿದ್ದಳು.

"ಹೋಗೋ ಮುಂಚೆ ನೀನು ಏನಾದ್ರೂ ಹೇಳ್ತೀಯೇನೋ ಅಂತ," ಎಂದಳು, ದನಿ ಸಣ್ಣದಾಗಿತ್ತು. "ಗಾಡಿ ಸರಿ ಇದ್ರೆ ನಿನ್ನ ಹತ್ರ ಬರೋಕೆ ಕಾರಣ ಎಲ್ಲಿತ್ತು?"

"ಹೋಗ್ಬೇಡ ಲೆಂಪಿ." ಅಂತೂ ಬಾಯಿಗೆ ಬಂತು. "ನೀನಂದ್ರೆ ನಂಗೆ ಪ್ರಾಣ. ಏಳು ವರ್ಷದಿಂದ. ಇಲ್ಲೇ ಇರು. ನನ್ನ ಜೊತೆ ಇರು."

"ಏಳು ವರ್ಷನಾ? ಅಯ್ಯೋ ದಡ್ಡ!" ಎಂದು ನನ್ನ ಎದೆಗೆ ಗುದ್ದಿದಳು. ಗುದ್ದಿದ ಕೈಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಅವಳ ಹಣೆ ನನ್ನ ಭುಜಕ್ಕೆ ತಾಗಿತು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ತಿಳಿಯಲಿಲ್ಲ, ನಾನಂತೂ ಎರಡನ್ನೂ ಮಾಡುತ್ತಿದ್ದೆ.

ಆಮೇಲೆ ಅವಳು ಸೀಟಿನ ಮೇಲೆ ಹತ್ತಿ ಗುಂಡಿ ಒತ್ತಿದಳು. ಒಂದೇ ಸಲಕ್ಕೆ ಎಂಜಿನ್ ಗುಡುಗಿತು. ಅದನ್ನು ಹಾಗೇ ಓಡಲು ಬಿಟ್ಟು, ಕೊಳ್ಳುವವರಿಗೆ ಬರಬೇಡಿ ಎಂದು ಮೆಸೇಜ್ ಹಾಕಿ, ಅಪ್ಪನಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದಳು.

"ಅಪ್ಪಾ, ಗಾಡಿ ಮಾರ್ತಿಲ್ಲ."

"ಯಾಕಮ್ಮಾ, ಸ್ಟಾರ್ಟ್ ಆಗ್ಲಿಲ್ವಾ?"

"ಆಯ್ತಪ್ಪಾ," ಎಂದಳು ಲೆಂಪಿ, ನನ್ನನ್ನೇ ನೋಡುತ್ತ. "ಈಗ ತಾನೇ ಆಯ್ತು. ಅದಕ್ಕೇ ಮಾರ್ತಿಲ್ಲ."